ಬಿಲ್ಲಿಗೋ, ಬೆಳಕಿಗೋ? ಮಲೆನಾಡಿನ ಮನೆಗೆ ಯಾವ ಸೋಲಾರ್

"ಸೋಲಾರ್ ಹಾಕಿಸೋಣ ಅಂತಿದ್ದೇವೆ, ಯಾವುದು ಒಳ್ಳೇದು?" ಅಂತ ಕೇಳುವವರು ಈಗ ಜಾಸ್ತಿ. ಅವರಿಗೆ ನಾನು ತಿರುಗಿ ಎರಡು ಪ್ರಶ್ನೆ ಹಾಕುತ್ತೇನೆ. ಏಪ್ರಿಲ್ ತಿಂಗಳ ಕರೆಂಟ್ ಬಿಲ್ ಎಷ್ಟು ಬಂದಿತ್ತು? ಜುಲೈನಲ್ಲಿ ಎಷ್ಟು ದಿನ ಕರೆಂಟ್ ಇರಲಿಲ್ಲ? ಶಿವಮೊಗ್ಗ ಪೇಟೆಯವರು ಮೊದಲನೆಯದಕ್ಕೆ ಥಟ್ಟನೆ ಉತ್ತರ ಕೊಡುತ್ತಾರೆ. ಹೊಸನಗರ, ತೀರ್ಥಹಳ್ಳಿ ಕಡೆಯ ಒಂಟಿಮನೆಯವರಿಗೆ ಎರಡನೆಯದೇ ನೆನಪಿರುತ್ತದೆ. ಇವರಿಬ್ಬರಿಗೆ ಬೇಕಾದ ಸೋಲಾರ್ ಬೇರೆ ಬೇರೆ. ಅಂಗಡಿಯವರು ಮಾತ್ರ ಇಬ್ಬರಿಗೂ ಒಂದನ್ನೇ ತೋರಿಸುತ್ತಾರೆ. ಸಬ್ಸಿಡಿ ಇರುವುದು ಅದಕ್ಕೇ ಅಲ್ವಾ!

ಸಬ್ಸಿಡಿಯ ಸೋಲಾರ್, ಅಂದರೆ ಆನ್-ಗ್ರಿಡ್

ಪಿಎಂ ಸೂರ್ಯ ಘರ್ ಯೋಜನೆ ಶುರುವಾಗಿದ್ದು 2024ರ ಫೆಬ್ರವರಿಯಲ್ಲಿ. ದೇಶದ ಒಂದು ಕೋಟಿ ಮನೆಗಳ ಮಾಡಿನ ಮೇಲೆ ಪ್ಯಾನೆಲ್ ಕೂರಿಸುವ ಗುರಿ, 75,021 ಕೋಟಿ ರೂಪಾಯಿ ಹಣ. ಸಬ್ಸಿಡಿಯ ಲೆಕ್ಕ ಸುಲಭ. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000. ಒಟ್ಟು 78,000. ನೀವು 5 ಕಿಲೋವ್ಯಾಟ್ ಹಾಕಿದರೂ ಅಷ್ಟೇ, 10 ಹಾಕಿದರೂ ಅಷ್ಟೇ. ಪ್ಯಾನೆಲ್ ಮತ್ತು ಅದರೊಳಗಿನ ಸೆಲ್ ಎರಡೂ ಭಾರತದಲ್ಲೇ ತಯಾರಾಗಿರಬೇಕು. ಅದನ್ನು ಡಿಸಿಆರ್ ಪ್ಯಾನೆಲ್ ಅನ್ನುತ್ತಾರೆ. ಬೇರೆಯದಕ್ಕಿಂತ ಸ್ವಲ್ಪ ದುಬಾರಿ.

ಇದು ಕೆಲಸ ಮಾಡುವ ರೀತಿ ಹೀಗೆ. ಹಗಲು ಪ್ಯಾನೆಲ್‌ನಿಂದ ಬಂದ ಕರೆಂಟ್ ಮೊದಲು ಮನೆಗೆ ಬಳಕೆಯಾಗುತ್ತದೆ, ಉಳಿದದ್ದು ಲೈನಿಗೆ ಹೋಗುತ್ತದೆ. ರಾತ್ರಿ ಲೈನಿನಿಂದ ನಾವು ತೆಗೆದುಕೊಳ್ಳುತ್ತೇವೆ. ನೆಟ್ ಮೀಟರ್ ಕೊಟ್ಟದ್ದು, ತೆಗೆದುಕೊಂಡದ್ದು ಎರಡನ್ನೂ ಬರೆದಿಡುತ್ತದೆ. ವ್ಯತ್ಯಾಸಕ್ಕೆ ಮಾತ್ರ ಬಿಲ್ಲು. ಹೆಚ್ಚು ಕೊಟ್ಟಿದ್ದರೆ ಆ ಉಳಿಕೆಗೆ ಹಣ ಬರುತ್ತದೆ, ಆದರೆ ನಾವು ಕೊಳ್ಳುವ ದರಕ್ಕಿಂತ ಕಮ್ಮಿ ದರದಲ್ಲಿ. ಹಾಗಾಗಿ ಕರೆಂಟ್ ಮಾರಿ ದುಡ್ಡು ಮಾಡುತ್ತೇನೆ ಅಂತ ದೊಡ್ಡದು ಹಾಕಿಸಬೇಡಿ. ಮನೆಗೆ ಎಷ್ಟು ಬೇಕೋ ಅಷ್ಟು ಸಾಕು.

ಶಿವಮೊಗ್ಗ, ಭದ್ರಾವತಿ, ಶಿಕಾರಿಪುರ ಕಡೆ ಒಂದು ಕಿಲೋವ್ಯಾಟ್‌ಗೆ ದಿನಕ್ಕೆ ಸರಾಸರಿ 4 ಯೂನಿಟ್ ಅಂತ ಹಿಡಿಯಬಹುದು. 3 ಕಿಲೋವ್ಯಾಟ್ ಆದರೆ 12. ಘಟ್ಟದ ಅಂಚಿಗೆ ಹೋದ ಹಾಗೆ ಇದು ಇಳಿಯುತ್ತದೆ. ಮೂರು ಕಿಲೋವ್ಯಾಟ್‌ಗೆ ಒಳ್ಳೆ ಸ್ಟ್ಯಾಂಡ್, ಅರ್ಥಿಂಗ್ ಎಲ್ಲ ಸೇರಿ ಎರಡು ಲಕ್ಷದ ಆಸುಪಾಸು ಕೇಳುತ್ತಾರೆ. ಸಬ್ಸಿಡಿ ಕಳೆದರೆ ಕೈಯಿಂದ ಹೋಗುವುದು ಸುಮಾರು ಒಂದೂಕಾಲು ಲಕ್ಷ. ತಿಂಗಳಿಗೆ 250 ಯೂನಿಟ್ ಸುಡುವ ಮನೆಯಾದರೆ, ಯೂನಿಟ್‌ಗೆ ಹತ್ತಿರ ಹತ್ತಿರ 6 ರೂಪಾಯಿಯಂತೆ ವರ್ಷಕ್ಕೆ 18,000 ಉಳಿಯುತ್ತದೆ. ಏಳು ವರ್ಷದಲ್ಲಿ ಹಾಕಿದ ದುಡ್ಡು ವಾಪಸ್. ಪ್ಯಾನೆಲ್ ಕಂಪನಿಗಳು ಉತ್ಪಾದನೆಗೆ 25 ವರ್ಷದ ವಾರಂಟಿ ಕೊಡುತ್ತವೆ. ಪ್ಯಾನೆಲ್‌ನ ಕರೆಂಟನ್ನು ಮನೆಗೆ, ಲೈನಿಗೆ ಹೊಂದುವ ಕರೆಂಟಾಗಿ ಬದಲಿಸುವ ಇನ್ವರ್ಟರ್ ಅಷ್ಟು ಬಾಳುವುದಿಲ್ಲ, ಮಧ್ಯೆ ಒಮ್ಮೆ ಬದಲಿಸಬೇಕಾಗುತ್ತದೆ. ಆದರೂ ಲೆಕ್ಕ ಕೂಡಿಬರುತ್ತದೆ.

ಆದರೆ ಗೃಹಜ್ಯೋತಿ ಇದೆಯಲ್ಲ. 2023ರಿಂದ ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ, ಅದೂ 2022-23ರ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿದಷ್ಟಕ್ಕೆ. ಮಲೆನಾಡಿನ ಹಳ್ಳಿಮನೆಗಳಲ್ಲಿ ಎಸಿ ಇಲ್ಲ, ಗೀಸರ್ ಇಲ್ಲ. ನೀರು ಕಾಯುವುದು ಹಂಡೆಯಲ್ಲಿ. ತಿಂಗಳಿಗೆ 70, 80 ಯೂನಿಟ್ ದಾಟದ ಮನೆಗಳು ಎಷ್ಟೋ ಇವೆ. ಅವರ ಬಿಲ್ಲು ಸೊನ್ನೆ. ಸೊನ್ನೆ ಬಿಲ್ಲನ್ನು ಇನ್ನೂ ಇಳಿಸಲು ಒಂದೂಕಾಲು ಲಕ್ಷ ಯಾಕೆ ಹಾಕಬೇಕು? ಇದನ್ನು ಮಾರುವವರು ಹೇಳುವುದಿಲ್ಲ, ನಾವೇ ಕೇಳಿಕೊಳ್ಳಬೇಕು. 200 ಯೂನಿಟ್ ದಾಟಿದವರ ಕಥೆ ಬೇರೆ. ಅವರಿಗೆ ಪೂರ್ತಿ ಬಿಲ್ ಬರುತ್ತದೆ, ಆನ್-ಗ್ರಿಡ್ ಇರುವುದೇ ಅವರಿಗೆ. ಒಟ್ಟಿನಲ್ಲಿ ಅರ್ಜಿ ಹಾಕುವ ಮುಂಚೆ ಹನ್ನೆರಡು ತಿಂಗಳ ಬಿಲ್ಲು ಹಿಡಿದುಕೊಂಡು ಮೆಸ್ಕಾಂ ಸಬ್ ಡಿವಿಜನ್‌ಗೆ ಹೋಗಿ ಮಾತಾಡಿ.

ಲೈನ್ ಹೋದರೆ ಸೋಲಾರೂ ಹೋಗುತ್ತದೆ

ಇದು ಬಹಳ ಜನರಿಗೆ ಹಾಕಿಸಿದ ಮೇಲೆ ಗೊತ್ತಾಗುತ್ತದೆ. ಆನ್-ಗ್ರಿಡ್ ಸೋಲಾರ್ ಲೈನಿನಲ್ಲಿ ಕರೆಂಟ್ ಇದ್ದರೆ ಮಾತ್ರ ನಡೆಯುತ್ತದೆ. ಲೈನ್ ಸತ್ತ ಕೂಡಲೇ ಇನ್ವರ್ಟರ್ ತಾನೇ ಬಂದ್ ಆಗುತ್ತದೆ. ಮಾಡಿನ ಮೇಲೆ ಸುಡು ಬಿಸಿಲಿದ್ದರೂ ಕೆಳಗೆ ಫ್ಯಾನ್ ತಿರುಗುವುದಿಲ್ಲ. ಇದು ದೋಷ ಅಲ್ಲ, ಬೇಕೆಂದೇ ಹಾಗೆ ಮಾಡಿದ್ದು. ಎಲ್ಲೋ ಮರ ಬಿದ್ದು ತಂತಿ ಹರಿದಿರುತ್ತದೆ, ಲೈನ್‌ಮನ್ ಕಂಬ ಹತ್ತಿರುತ್ತಾನೆ. ಆಗ ನಮ್ಮ ಮನೆಯಿಂದ ಆ ತಂತಿಗೆ ಕರೆಂಟ್ ಹೋದರೆ ಅವನ ಜೀವಕ್ಕೆ ಅಪಾಯ.

ಬಯಲುಸೀಮೆಯಲ್ಲಿ ಇದು ದಿನಕ್ಕೆ ಒಂದೆರಡು ತಾಸಿನ ಮಾತು. ನಮ್ಮಲ್ಲಿ ಆರಿದ್ರಾ ಮಳೆ ಹಿಡಿದುಕೊಂಡಿತು ಅಂದರೆ, ಕಾಡಿನ ನಡುವೆ ಹಾದುಬಂದ ಲೈನಿನ ಮೇಲೆ ಎಲ್ಲಿ ಯಾವ ಮರ ಬಿತ್ತು ಅಂತ ಹುಡುಕುವುದಕ್ಕೇ ಒಂದು ದಿನ ಬೇಕು. ಇನ್ನೊಂದು ತೊಂದರೆ ವೋಲ್ಟೇಜ್. ಲೈನಿನ ತುದಿಯ ಮನೆಗಳಲ್ಲಿ ವೋಲ್ಟೇಜ್ ತೀರಾ ಇಳಿದರೂ ಏರಿದರೂ ಇನ್ವರ್ಟರ್ ಕೈಕೊಟ್ಟು ಕೂರುತ್ತದೆ. ಅಷ್ಟು ಹೊತ್ತಿನ ಬಿಸಿಲು ಲೆಕ್ಕಕ್ಕಿಲ್ಲ. ನಿಮ್ಮ ಮನೆ ಟ್ರಾನ್ಸ್‌ಫಾರ್ಮರ್‌ನಿಂದ ದೂರ ಇದ್ದರೆ, ಹಾಕಿಸುವ ಮುಂಚೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೀಟರ್ ಹಿಡಿದು ವೋಲ್ಟೇಜ್ ನೋಡಿಸಿ.

ಹೈಬ್ರಿಡ್: ಒಂಟಿಮನೆಗೆ ನಾನು ಹೇಳುವುದು ಇದನ್ನೇ

ಹೈಬ್ರಿಡ್ ಅಂದರೆ ಲೈನೂ ಉಂಟು, ಬ್ಯಾಟರಿಯೂ ಉಂಟು. ಕರೆಂಟ್ ಹೋದರೆ ಇನ್ವರ್ಟರ್ ಲೈನಿನಿಂದ ಕಳಚಿಕೊಂಡು, ಬ್ಯಾಟರಿ ಮತ್ತು ಪ್ಯಾನೆಲ್‌ನಿಂದ ಮನೆ ನಡೆಸುತ್ತದೆ. ಲೈನಿಗೆ ಸೇರಿಸಿ ನೆಟ್ ಮೀಟರ್ ಹಾಕಿದರೆ ಪ್ಯಾನೆಲ್‌ಗೆ ಸಬ್ಸಿಡಿ ಸಿಗುತ್ತದೆ. ಬ್ಯಾಟರಿಗೆ ಸಿಗುವುದಿಲ್ಲ.

ಇಲ್ಲಿ ಒಂದು ಎಡವಟ್ಟು ಇದೆ. ನಮ್ಮಲ್ಲಿ ಕರೆಂಟ್ ಹೋಗುವ ತಿಂಗಳು, ಬಿಸಿಲು ಇಲ್ಲದ ತಿಂಗಳು, ಎರಡೂ ಒಂದೇ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮೋಡ ಕವಿದ ದಿನ ಪ್ಯಾನೆಲ್ ಕಾಲು ಭಾಗ ಕೊಟ್ಟರೆ ಹೆಚ್ಚು. ಜಡಿಮಳೆಯಲ್ಲಿ ಇನ್ನೂ ಕಮ್ಮಿ. "ಸೋಲಾರ್ ಇದ್ದರೆ ಮಳೆಗಾಲದ ಚಿಂತೆ ಇಲ್ಲ" ಅನ್ನುವವರ ಮಾತನ್ನು ಅರ್ಧ ಮಾತ್ರ ನಂಬಿ.

ಅರ್ಧವಾದರೂ ಯಾಕೆ ನಂಬಬೇಕು ಅಂದರೆ, ಕತ್ತಲಲ್ಲಿ ಮನೆಗೆ ನಿಜವಾಗಿ ಬೇಕಾಗುವುದು ಬಹಳ ಕಮ್ಮಿ. 9 ವ್ಯಾಟಿನ ಎಂಟು ಎಲ್‌ಇಡಿ ಬಲ್ಬು ಐದು ತಾಸು ಉರಿದರೆ ಮೂರನೇ ಒಂದು ಯೂನಿಟ್ಟಿಗಿಂತ ಸ್ವಲ್ಪ ಜಾಸ್ತಿ. ವೈಫೈ ಪೆಟ್ಟಿಗೆ ದಿನವಿಡೀ ನಡೆದರೆ ಕಾಲು ಯೂನಿಟ್. ಕಮ್ಮಿ ಕರೆಂಟ್ ಎಳೆಯುವ ಎರಡು ಬಿಎಲ್‌ಡಿಸಿ ಫ್ಯಾನ್ ರಾತ್ರಿಯಿಡೀ ತಿರುಗಿದರೆ ಅರ್ಧ. ಮೊಬೈಲ್, ಲ್ಯಾಪ್‌ಟಾಪ್ ಚಾರ್ಜ್ ಸೇರಿಸಿದರೂ ಒಂದೂವರೆ ಯೂನಿಟ್ ಒಳಗೆ ದಿನ ಕಳೆಯುತ್ತದೆ. ಫ್ರಿಜ್ ಬೇಕು ಅಂದರೆ ಇನ್ನೊಂದು ಯೂನಿಟ್. ಮಳೆಗಾಲದ ಚಳಿಯಲ್ಲಿ ಫ್ಯಾನ್ ಯಾರು ಹಾಕುತ್ತಾರೆ, ಅದನ್ನೂ ಕಳೆಯಿರಿ. 2 ಕಿಲೋವ್ಯಾಟ್ ಪ್ಯಾನೆಲ್ ತೀರಾ ಕೆಟ್ಟ ದಿನ ಒಂದು ಯೂನಿಟ್ ಕೊಟ್ಟರೂ ಮನೆ ಕತ್ತಲಲ್ಲಿ ಕೂರುವುದಿಲ್ಲ. ಹಾಗಾಗಿ ಮಲೆನಾಡಿನಲ್ಲಿ ನನ್ನ ಸಲಹೆ ಇಷ್ಟು: ಪ್ಯಾನೆಲ್ ಸ್ವಲ್ಪ ಜಾಸ್ತಿ ಹಾಕಿ, ಬ್ಯಾಟರಿಯಿಂದ ನಡೆಯುವ ಸಾಮಾನು ಕಮ್ಮಿ ಇಡಿ. ಪಂಪು, ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳ ವೈರಿಂಗನ್ನು ಬ್ಯಾಟರಿ ಲೈನಿನಿಂದ ಬೇರೆ ಮಾಡಿಸಿ. ಒಂದು ಎಚ್‌ಪಿ ಪಂಪು ಶುರುವಾಗುವ ಕ್ಷಣದಲ್ಲಿ ಎಳೆಯುವ ಕರೆಂಟಿಗೆ ಸಣ್ಣ ಇನ್ವರ್ಟರ್ ಟ್ರಿಪ್ ಆಗುತ್ತದೆ.

ಮತ್ತೆ, ಲೈನಿನಿಂದಲೂ ಬ್ಯಾಟರಿ ತುಂಬಿಸಿಕೊಳ್ಳುವ ಹೈಬ್ರಿಡ್ ಇನ್ವರ್ಟರ್ ಇರಲೇಬೇಕು. ಮೂರು ದಿನ ಬಿಟ್ಟು ಎರಡು ತಾಸು ಕರೆಂಟ್ ಬಂದಾಗ ಅದು ಬಾಚಿಕೊಳ್ಳಬೇಕು.

ಬ್ಯಾಟರಿ ಯಾವುದು? 150 ಆಂಪಿಯರ್-ಅವರ್‌ನ 12 ವೋಲ್ಟ್ ಟ್ಯೂಬುಲರ್ (ಯುಪಿಎಸ್‌ಗೆ ಹಾಕುವ ಸೀಸದ) ಬ್ಯಾಟರಿಯಲ್ಲಿ ಕಾಗದದ ಮೇಲೆ 1.8 ಯೂನಿಟ್ ಇದೆ. ಅರ್ಧಕ್ಕಿಂತ ಜಾಸ್ತಿ ಬರಿದು ಮಾಡುತ್ತಾ ಹೋದರೆ ಬೇಗ ಸಾಯುತ್ತದೆ. ಅಂದರೆ ಕೈಗೆ ಸಿಗುವುದು 0.9 ಯೂನಿಟ್. ಡಿಸ್ಟಿಲ್ಡ್ ನೀರು ಹಾಕುತ್ತಿರಬೇಕು, ನಾಲ್ಕೈದು ವರ್ಷಕ್ಕೆ ಬದಲಿಸಬೇಕು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಕೊಳ್ಳುವಾಗ ದುಬಾರಿ. ಆದರೆ 5 ಯೂನಿಟ್‌ನ ಒಂದು ಪೆಟ್ಟಿಗೆಯಲ್ಲಿ 4ರ ಮೇಲೆ ಬಳಸಬಹುದು, ಹತ್ತು ವರ್ಷ ಬಾಳುತ್ತದೆ, ನೀರು ಹಾಕುವ ರಗಳೆ ಇಲ್ಲ. ಈ ಪೆಟ್ಟಿಗೆ ಇದ್ದರೆ ಮೇಲಿನ ಲೆಕ್ಕದಲ್ಲಿ, ಫ್ರಿಜ್ ಬಂದ್ ಇಟ್ಟು, ಪ್ಯಾನೆಲ್‌ನಿಂದ ಏನೂ ಬರದಿದ್ದರೂ ಮೂರು ದಿನ ಹತ್ತಿರ ದೂಡಬಹುದು. ಮಕ್ಕಳು ಮನೆಯಿಂದ ಕಂಪ್ಯೂಟರ್ ಕೆಲಸ ಮಾಡುತ್ತಾರೆ ಅನ್ನುವವರು ಲಿಥಿಯಮ್ಮೇ ತೆಗೆದುಕೊಳ್ಳಿ, ಯೋಚನೆ ಬೇಡ. ಬರೀ ದೀಪಕ್ಕೆ ಅನ್ನುವವರಿಗೆ ಟ್ಯೂಬುಲರ್ ಸಾಕು.

ಇರುವ ಯುಪಿಎಸ್‌ಗೇ ಪ್ಯಾನೆಲ್

ಅಷ್ಟು ದುಡ್ಡಿಲ್ಲ, ಮನೆಯಲ್ಲಿ ಹೇಗೂ ಒಂದು ಯುಪಿಎಸ್, ಒಂದು ಬ್ಯಾಟರಿ ಇದೆ ಅನ್ನುವವರೇ ಜಾಸ್ತಿ. ಅವರಿಗೆ ಎಲ್ಲಕ್ಕಿಂತ ಅಗ್ಗದ ದಾರಿ, ಅದೇ ಬ್ಯಾಟರಿಗೆ ಒಂದೆರಡು ಪ್ಯಾನೆಲ್ ಮತ್ತು ಪ್ಯಾನೆಲ್‌ನಿಂದ ಬ್ಯಾಟರಿ ತುಂಬುವುದನ್ನು ಹದದಲ್ಲಿಡುವ ಒಂದು ಚಾರ್ಜ್ ಕಂಟ್ರೋಲರ್ ಸೇರಿಸುವುದು. ಸಬ್ಸಿಡಿ ಇಲ್ಲ, ಅರ್ಜಿ ಇಲ್ಲ, ಮೀಟರ್ ಬದಲಿಸುವುದೂ ಇಲ್ಲ.

ಮೋಸ ಹೋಗುವುದು ಕಂಟ್ರೋಲರ್‌ನಲ್ಲಿ. ಅಂಗಡಿಯಲ್ಲಿ ಪಿಡಬ್ಲ್ಯೂಎಂ ಅಂತ ಅಗ್ಗದ್ದು ಸಿಗುತ್ತದೆ, ಎಂಪಿಪಿಟಿ ಅಂತ ತುಟ್ಟಿಯದು ಸಿಗುತ್ತದೆ. ಈಗಿನ 540 ವ್ಯಾಟಿನ ಪ್ಯಾನೆಲ್ ಸುಮಾರು 41 ವೋಲ್ಟ್‌ನಲ್ಲಿ 13 ಆಂಪಿಯರ್ ಕೊಡುತ್ತದೆ. ಅದನ್ನು ಪಿಡಬ್ಲ್ಯೂಎಂ ಮೂಲಕ 12 ವೋಲ್ಟ್ ಬ್ಯಾಟರಿಗೆ ಸೇರಿಸಿದರೆ ವೋಲ್ಟೇಜ್ ಬ್ಯಾಟರಿಯ ಮಟ್ಟಕ್ಕೆ ಇಳಿದುಬಿಡುತ್ತದೆ, ಆಂಪಿಯರ್ ಅಷ್ಟೇ ಇರುತ್ತದೆ. 540ರಲ್ಲಿ ಕೈಗೆ ಬರುವುದು 170 ಚಿಲ್ಲರೆ ವ್ಯಾಟ್. ಮೂರರಲ್ಲಿ ಎರಡು ಪಾಲು ಸುಮ್ನೆ ಹೋಯಿತು. ಮೋಡದ ನಾಡಿನಲ್ಲಿ ಸಿಗುವ ಸ್ವಲ್ಪ ಬಿಸಿಲನ್ನೂ ಹೀಗೆ ಕಳೆದುಕೊಳ್ಳಬಾರದು. ಎಂಪಿಪಿಟಿ ಆದರೆ ಹೆಚ್ಚಿನ ವೋಲ್ಟೇಜನ್ನು ಆಂಪಿಯರ್ ಆಗಿ ಬದಲಿಸಿ ಬ್ಯಾಟರಿಗೆ ಕೊಡುತ್ತದೆ. ಅದಕ್ಕೇ ದುಡ್ಡು ಹಾಕಿ, ಅದರ ಆಂಪಿಯರ್ ನಿಮ್ಮ ಪ್ಯಾನೆಲ್‌ಗೂ ಬ್ಯಾಟರಿಗೂ ತಾಳೆಯಾಗುತ್ತದೆಯೋ ನೋಡಿ. ಒಂದೇ ಸಣ್ಣ ಬ್ಯಾಟರಿಗೆ ಒಂದು ಪ್ಯಾನೆಲ್ ಸಾಕು, ಮೇಲೆ ಮೇಲೆ ತುಂಬಿದರೆ ಬ್ಯಾಟರಿ ಕಾದು ಹಾಳಾಗುತ್ತದೆ.

ಪೂರ್ತಿ ಆಫ್-ಗ್ರಿಡ್, ಅಂದರೆ ಲೈನಿನ ಸಂಪರ್ಕವೇ ಇಲ್ಲದ ಸೋಲಾರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲೈನ್ ಎಳೆಯಲಾಗದ ಕಾಡಂಚಿನ ಮನೆಗೆ ಅದು ಬೇಕೇ ಬೇಕು, ಉಳಿದವರಿಗೆ ಬೇಡ. ನಾಲ್ಕು ದೀಪ, ಒಂದು ಮೊಬೈಲ್ ಚಾರ್ಜಿನ ಸಣ್ಣ ಡಿಸಿ ಸೋಲಾರ್ ಸೆಟ್ ಕರ್ನಾಟಕದ ಹಳ್ಳಿಗಳಿಗೆ ಹೊಸದೂ ಅಲ್ಲ. 1995ರಲ್ಲಿ ಶುರುವಾದ ಸೆಲ್ಕೋ ಕಂಪನಿ, ಬ್ಯಾಂಕ್ ಸಾಲದ ಜೊತೆ ಅದನ್ನೇ ಮನೆಮನೆಗೆ ಮುಟ್ಟಿಸಿತು. ಅದರ ಸಹಸ್ಥಾಪಕ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇವತ್ತಿಗೂ ಕೊಟ್ಟಿಗೆಗೆ, ತೋಟದ ಮನೆಗೆ ಆ ಸಣ್ಣ ಸೆಟ್ ಸಾಕು.

ಹಳ್ಳ ಇದ್ದವರು ಮೊದಲು ಹಳ್ಳ ನೋಡಿ

ಸೋಲಾರ್ ಮಾತಿನ ಮಧ್ಯೆ ನೀರಿನ ವಿಷಯ ಯಾಕೆ ಅನ್ನಬೇಡಿ. ಬಿಸಿಲು ಕೈಕೊಡುವ ತಿಂಗಳಲ್ಲೇ ಹಳ್ಳ ತುಂಬುವುದು. ಮನೆಯ ಹಿಂದೆ ಗುಡ್ಡ, ಗುಡ್ಡದಿಂದ ಇಳಿಯುವ ನೀರು, ಇಷ್ಟಿದ್ದರೆ ಪಿಕೋ ಹೈಡ್ರೋ ಎಂಬ ಪುಟ್ಟ ಟರ್ಬೈನ್ ಹಾಕಬಹುದು. ಮಲೆನಾಡಿನ ಎಷ್ಟೋ ತೋಟದ ಮನೆಗಳು ಇದರಲ್ಲೇ ಮಳೆಗಾಲ ಕಳೆಯುತ್ತವೆ.

ಲೆಕ್ಕ ಹೀಗೆ. ನೀರು ಬೀಳುವ ಎತ್ತರ ಎಷ್ಟು ಮೀಟರ್, ಸೆಕೆಂಡಿಗೆ ಎಷ್ಟು ಲೀಟರ್, ಎರಡನ್ನೂ ಗುಣಿಸಿ ಐದರಿಂದ ಮತ್ತೆ ಗುಣಿಸಿ. ಬಂದದ್ದು ಸರಿಸುಮಾರು ವ್ಯಾಟ್. 20 ಮೀಟರ್ ಎತ್ತರ, 10 ಲೀಟರ್ ನೀರು ಇದ್ದರೆ 1,000 ವ್ಯಾಟ್. ಇದು ಹಗಲೂ ರಾತ್ರಿ ನಡೆಯುತ್ತದೆ, ಹಾಗಾಗಿ ದಿನಕ್ಕೆ 24 ಯೂನಿಟ್. 3 ಕಿಲೋವ್ಯಾಟ್ ಸೋಲಾರ್ ದಿನಕ್ಕೆ ಸರಾಸರಿ ಕೊಡುವುದರ ದುಪ್ಪಟ್ಟು! ಅಳೆಯಲು ಎಂಜಿನಿಯರ್ ಬೇಡ. 200 ಲೀಟರ್ ಡ್ರಮ್ ಇಪ್ಪತ್ತು ಸೆಕೆಂಡಿನಲ್ಲಿ ತುಂಬಿದರೆ ಅದೇ 10 ಲೀಟರ್. ಎತ್ತರಕ್ಕೆ ಗಾರೆಯವರ ಲೆವೆಲ್ ಪೈಪು ಸಾಕು.

ತೊಂದರೆಗಳೂ ಇವೆ. ಬೇಸಿಗೆಯಲ್ಲಿ ಹಳ್ಳ ಬತ್ತುತ್ತದೆ, ಆಗ ಇದು ಸುಮ್ಮನೆ ಕಬ್ಬಿಣ. ಜೋರು ಮಳೆಯಲ್ಲಿ ಜಾಲರಿಗೆ ಸೊಪ್ಪುಸದೆ ಕಟ್ಟಿಕೊಳ್ಳುತ್ತದೆ. ಕಂಬಳಿ ಕೊಪ್ಪೆ ಹಾಕಿಕೊಂಡು ಹೋಗಿ ತೆಗೆಯುವವರು ಮನೆಯಲ್ಲಿ ಇರಬೇಕು. ಕೆಳಗಿನ ತೋಟದವರ ಪಾಲಿನ ನೀರನ್ನು ಹಳ್ಳಕ್ಕೇ ವಾಪಸ್ ಬಿಡಬೇಕು, ಇಲ್ಲವಾದರೆ ಕರೆಂಟಿಗಿಂತ ಮೊದಲು ಜಗಳ ಹುಟ್ಟುತ್ತದೆ. ಇದರಲ್ಲಿ ನನಗೆ ಇಷ್ಟವಾದದ್ದು ಒಂದಿದೆ. ಟರ್ಬೈನ್ ನಿಲ್ಲದೆ ತಿರುಗುವುದರಿಂದ ಮನೆ ಬಳಸದೆ ಉಳಿದ ಕರೆಂಟನ್ನು ಎಲ್ಲಾದರೂ ಸುಡಲೇಬೇಕು. ಕಂಟ್ರೋಲರ್ ಅದನ್ನು ಒಂದು ಹೀಟರ್‌ಗೆ ಕಳಿಸುತ್ತದೆ. ಆ ಹೀಟರನ್ನು ಬಚ್ಚಲಿನ ನೀರಿಗೆ ಇಟ್ಟರೆ ಆಷಾಢದಲ್ಲಿ ಬಿಸಿನೀರು ಪುಕ್ಕಟೆ. ಆರು ತಿಂಗಳು ಹಳ್ಳ, ಆರು ತಿಂಗಳು ಬಿಸಿಲು: ಇಂಥ ಜೋಡಿ ಸಿಗುವ ಊರು ದೇಶದಲ್ಲಿ ಎಷ್ಟಿವೆ?

ದೇಶದ ಲೆಕ್ಕ ಸ್ವಲ್ಪ

ಭಾರತದ ಸೋಲಾರ್ ಸಾಮರ್ಥ್ಯ 2025ರ ಜನವರಿಯಲ್ಲಿ 100 ಗಿಗಾವ್ಯಾಟ್ ದಾಟಿತು. ಶರಾವತಿ ವಿದ್ಯುದಾಗಾರ 1,035 ಮೆಗಾವ್ಯಾಟ್. ಸಾಮರ್ಥ್ಯದ ಲೆಕ್ಕದಲ್ಲಿ ಹತ್ತಿರ ಹತ್ತಿರ ನೂರು ಶರಾವತಿ. ನಮ್ಮದೇ ರಾಜ್ಯದ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಆದರೆ ಶರಾವತಿಯನ್ನು ಸಂಜೆ ಏಳಕ್ಕೆ ತಿರುಗಿಸಬಹುದು, ಪಾವಗಡವನ್ನು ಆಗುವುದಿಲ್ಲ. ಹಗಲಿನ ಕರೆಂಟನ್ನು ಸಂಜೆಗೆ ಇಡುವುದು ಹೇಗೆ ಅನ್ನುವುದೇ ಈಗ ದೊಡ್ಡ ತಲೆಬಿಸಿ. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಮೇಲೆತ್ತಿ ಇಳಿಸುವ 2,000 ಮೆಗಾವ್ಯಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಬಂದದ್ದು ಇದಕ್ಕಾಗಿಯೇ. ಸಿಂಗಳೀಕಗಳ ಕಾಡು ಅದಕ್ಕೆ ಬಲಿಯಾಗಬೇಕೇ ಅಂತ ಜಗಳ ನಡೆದಿರುವುದೂ ಇದಕ್ಕೇ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಊರು ಬಿಟ್ಟವರ ಮಕ್ಕಳು ಮೊಮ್ಮಕ್ಕಳು ಇನ್ನೂ ಇಲ್ಲಿದ್ದಾರೆ, ಹಾಗಾಗಿ ಈ ಜಗಳವನ್ನು ಅಭಿವೃದ್ಧಿ ವಿರೋಧ ಅಂತ ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ. ಮನೆಮನೆಯ ಬ್ಯಾಟರಿಯಿಂದ ಅಷ್ಟು ದೊಡ್ಡ ಕೊರತೆ ತುಂಬುವುದಿಲ್ಲ ಅನ್ನುವುದೂ ನಿಜ.

ಪಂಪು, ಬಿಸಿನೀರು

ಕೃಷಿ ಪಂಪಿಗೆ 10 ಎಚ್‌ಪಿವರೆಗೆ ರಾಜ್ಯದಲ್ಲಿ ಕರೆಂಟ್ ಉಚಿತ. ಲೈನ್ ಇದ್ದವರು ಸೋಲಾರ್ ಪಂಪಿನ ತಂಟೆಗೆ ಹೋಗಬೇಕಿಲ್ಲ. ಲೈನ್ ಇಲ್ಲದ ಹೊಸ ತೋಟಕ್ಕೆ ಪಿಎಂ ಕುಸುಮ್ ಯೋಜನೆ ನೋಡಿ. ಕೇಂದ್ರದ ಶೇ 30, ರಾಜ್ಯದ ಶೇ 50 ಕಳೆದು ರೈತನ ಪಾಲು ಶೇ 20. ಅಡಿಕೆಗೆ ನೀರು ಬೇಕಾಗುವುದು ಬೇಸಿಗೆಯಲ್ಲೇ ಆದ್ದರಿಂದ ಇಲ್ಲಿ ಬಿಸಿಲೂ ಕೆಲಸವೂ ಕೂಡಿಬರುತ್ತವೆ.

ಸೋಲಾರ್ ವಾಟರ್ ಹೀಟರ್ ಪೇಟೆ ಮನೆಗೆ ಒಳ್ಳೆಯದು, ಗೀಸರ್ ಬಿಲ್ಲು ಉಳಿಯುತ್ತದೆ. ಹಳ್ಳಿಯಲ್ಲಿ ಬಿಸಿನೀರು ಜಾಸ್ತಿ ಬೇಕಾಗುವುದು ಮಳೆಗಾಲದಲ್ಲಿ, ಆಗ ಅದು ಉಗುರುಬೆಚ್ಚಗೆ ಕೊಟ್ಟರೆ ಪುಣ್ಯ. ಅಡಿಕೆ ಸಿಪ್ಪೆ ರಾಶಿ ಬಿದ್ದಿರುವ ಮನೆಯಲ್ಲಿ ಹಂಡೆಯೇ ಇರಲಿ.

ಎಲ್ಲಿ ಕೂರಿಸುವುದು

ಯಾವ ಸೋಲಾರ್ ಅನ್ನುವುದಕ್ಕಿಂತ ಎಲ್ಲಿ ಅನ್ನುವುದರಲ್ಲಿ ಮಲೆನಾಡಿನವರು ಜಾಸ್ತಿ ಎಡವುತ್ತಾರೆ. ಹೆಂಚಿನ ಮಾಡಿನ ಹಳೆಯ ಮನೆಗೆ ಪ್ಯಾನೆಲ್ ಕಟ್ಟಿಸುವುದು ನನಗೆ ಹಿಡಿಸುವುದಿಲ್ಲ. ಹೆಂಚು ಒಡೆಯುತ್ತದೆ, ರೀಪು ಬಾಗುತ್ತದೆ, ಸೋರುವುದು ಶುರುವಾದರೆ ಹುಡುಕಲು ಪ್ಯಾನೆಲ್ ಬಿಚ್ಚಬೇಕು. ಕೊಟ್ಟಿಗೆಯ ಶೀಟಿನ ಮಾಡು ಗಟ್ಟಿ ಇದ್ದರೆ ಅದೇ ವಾಸಿ. ಅಂಗಳದಲ್ಲಿ ಕಂಬ ನೆಟ್ಟು ಕೂರಿಸಿದರೆ ಅಡಿಕೆ ಒಣಗಿಸುವ ಜಾಗಕ್ಕೆ ನೆರಳು ಬೀಳದಂತೆ ನೋಡಿ.

ನೆರಳು ಅಂದಾಗ ಬೆಳೆಯುವ ಮರವನ್ನೂ ಲೆಕ್ಕ ಹಾಕಿ. ಪ್ಯಾನೆಲ್‌ಗಳನ್ನು ಒಂದರ ಹಿಂದೆ ಒಂದು ಸರಪಳಿಯಾಗಿ ಜೋಡಿಸಿರುತ್ತಾರೆ. ಒಂದರ ಮೇಲೆ ತೆಂಗಿನ ಗರಿಯ ನೆರಳು ಬಿದ್ದರೂ ಇಡೀ ಸಾಲಿಗೆ ಪೆಟ್ಟು. ಇವತ್ತು ಸೊಂಟದೆತ್ತರ ಇರುವ ಅಡಿಕೆ ಸಸಿ ಹತ್ತು ವರ್ಷಕ್ಕೆ ಮಾಡು ದಾಟುತ್ತದೆ. ತೋಟಕ್ಕೆ ಸೊಪ್ಪು ತರಲು ಸರ್ಕಾರ ಬಿಟ್ಟುಕೊಟ್ಟ ಸೊಪ್ಪಿನಬೆಟ್ಟದ ಮರ ಕಡಿದು ಬಿಸಿಲು ಮಾಡಿಕೊಳ್ಳುವ ಯೋಚನೆ ಬೇಡ, ಅದು ಬೇರೆಯೇ ಕೇಸು. ನೆರಳು ತಪ್ಪಿಸಲು ಆಗದಿದ್ದರೆ ಪ್ಯಾನೆಲ್‌ಗೊಂದರಂತೆ ಮೈಕ್ರೋ ಇನ್ವರ್ಟರ್ ಹಾಕಿಸಬಹುದು, ಖರ್ಚು ಏರುತ್ತದೆ.

ದಿಕ್ಕು ದಕ್ಷಿಣ, ಓರೆ 15 ಡಿಗ್ರಿ. ದಕ್ಷಿಣದ ಮಾಡು ಇಲ್ಲದವರು ಕಂಗಾಲಾಗಬೇಕಿಲ್ಲ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ಶಿವಮೊಗ್ಗದವರ ತಲೆಗಿಂತ ಉತ್ತರಕ್ಕೇ ಇರುತ್ತಾನೆ. ಪೂರ್ವ, ಪಶ್ಚಿಮದ ಮಾಡೂ ನಡೆಯುತ್ತದೆ. ತೀರಾ ಚಪ್ಪಟೆಯಾಗಿ ಮಾತ್ರ ಮಲಗಿಸಬೇಡಿ. ನೀರು ನಿಂತು, ಕೆಳಗಿನ ಅಂಚಿನಲ್ಲಿ ಹಾವಸೆ ಕಟ್ಟುತ್ತದೆ.

ಇನ್ನು ಮಂಗಗಳು. ಗಾಜು ಗಟ್ಟಿ, ಅವು ಕುಣಿದರೆ ಸಾಮಾನ್ಯವಾಗಿ ಒಡೆಯುವುದಿಲ್ಲ. ಅವು ಎಳೆಯುವುದು ಜೋತಾಡುವ ವೈರನ್ನು. ಎಲ್ಲ ವೈರೂ ಪೈಪಿನೊಳಗೆ ಹೋಗಿರಲಿ. ಸಿಡಿಲಿನ ವಿಷಯದಲ್ಲಿ ಚೌಕಾಸಿ ಬೇಡವೇ ಬೇಡ. ಏಪ್ರಿಲ್, ಮೇ ತಿಂಗಳ ಗುಡುಗುಮಳೆಯಲ್ಲಿ ಹಾಳಾಗುವ ಇನ್ವರ್ಟರ್‌ಗಳು ಕಮ್ಮಿ ಅಲ್ಲ. ಸಿಡಿಲಿನಿಂದ ವೈರಿನಲ್ಲಿ ನುಗ್ಗುವ ಕರೆಂಟನ್ನು ತಡೆಯುವ ಸರ್ಜ್ ಪ್ರೊಟೆಕ್ಟರ್ ಪ್ಯಾನೆಲ್ ಕಡೆಗೂ ಬೇಕು, ಲೈನ್ ಕಡೆಗೂ ಬೇಕು. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿ ಅರ್ಥಿಂಗ್ ಸರಿಯಾಗಿ ಹಿಡಿಯುವುದಿಲ್ಲ. ಅರ್ಥಿಂಗ್ ಗುಂಡಿಯನ್ನು ಬಚ್ಚಲ ನೀರು ಹರಿಯುವ ಕಡೆ ತೆಗೆಸಿ, ಕೆಲಸ ಮುಗಿದ ದಿನ ಎಷ್ಟು ಓಮ್ ಬಂತು (ಕಮ್ಮಿ ಇದ್ದಷ್ಟೂ ಒಳ್ಳೆಯದು) ಅಂತ ಅಳೆಸಿ ಬರೆಸಿಕೊಳ್ಳಿ.

ಸಮಯದ ಮಾತೂ ಮುಖ್ಯ. ಅರ್ಜಿ, ಸ್ಥಳ ನೋಡುವುದು, ಸಾಲ, ನೆಟ್ ಮೀಟರ್ ಎಲ್ಲ ಮುಗಿಯಲು ವಾರಗಟ್ಟಲೆ ಹಿಡಿಯುತ್ತದೆ. ಅಡಿಕೆ ಕೊಯ್ಲು ಮುಗಿದು ಕೈಗೆ ದುಡ್ಡು ಬಂದ ಫೆಬ್ರವರಿಯಲ್ಲೇ ಶುರುಮಾಡಿ. ಮೇ ಕೊನೆ ದಾಟಿದರೆ ಮಾಡು ಹತ್ತುವವರು ಸಿಗುವುದಿಲ್ಲ.